ಪರದೆಗೂ ಒಂದು ವೇಳಾಪತ್ರಿಕೆ

ಮುಂಬಯಿಯ ಲೋಕಲ್ ಗಾಡಿಯ ನಿಲ್ದಾಣವನ್ನು ಹೊಕ್ಕವನ ಕಣ್ಣು ಮೊದಲು ಇಂಡಿಕೇಟರಿನತ್ತ ಹೊರಳುವದು. ಗಾಡಿ ಎಲ್ಲಿಗೆ, ಸ್ಲೋ ಅಥವಾ ಫಾಸ್ಟ್, ಇನ್ನೆಷ್ಟು ನಿಮಿಷ ಎಂಬಷ್ಟನ್ನೇ ಅದು ತಿಳಿಸುತ್ತದೆ. ಆದರೆ ತಿಳಿಸಬೇಕಾದ ಹೊತ್ತಿಗೆ ತಿಳಿಸುತ್ತದೆ. ನಮ್ಮ ಶಾಲೆಯ ಮೆಟ್ಟಿಲ ಬಳಿ ಪರದೆಗಳನ್ನು ತೂಗಹಾಕಿದಾಗ ನಾವು ಈ ಗುಣವನ್ನೇ ಮರೆತಿದ್ದೆವು. ಅಕ್ಷರ ದೊಡ್ಡದಾಗಿ, ಚಿತ್ರ ಚೆಲುವಾಗಿದ್ದರೆ ಸಾಕೆಂದು ತಿಳಿದೆವು.

ಏರ್ಪಾಡು ಸರಳವಾದುದು. ಪರದೆಯ ಬೆನ್ನಿಗೊಂದು ಗಣಕಯಂತ್ರವಿರುವದು. ಅದಕ್ಕೆ ಪ್ಲೇಯರ್ ಎಂದು ಹೆಸರು. ಕಚೇರಿಯಲ್ಲಿ ಕುಳಿತು ಅದಕ್ಕೆ ಆಜ್ಞೆ ಕೊಡಲು ತಂತ್ರಾಂಶವೊಂದು ಬೇಕು. ನಾವು ಬಳಸಿದ್ದು ಝೀಬೋ ಎಂಬ ಮುಕ್ತ ತಂತ್ರಾಂಶ. ಮೊದಲು ಪುಟವನ್ನು ರಚಿಸಬೇಕು, ಅನಂತರ ಅದು ಯಾವ ಪರದೆಯಲ್ಲಿ, ಯಾವ ದಿನದಿಂದ ಯಾವ ದಿನದ ವರೆಗೆ, ಎಷ್ಟರಿಂದ ಎಷ್ಟು ಗಂಟೆಗೆ ತೋರಬೇಕೆಂದು ಗೊತ್ತುಪಡಿಸಬೇಕು. ವಾರವಾರವೂ ಮರಳಿ ಬರುವಂತೆ ಮಾಡಬಹುದು. ತುರ್ತಿನ ಸೂಚನೆಗೆ ಹೆಚ್ಚಿನ ಆದ್ಯತೆಯ ಅಂಕಿಯನ್ನು ಕೊಟ್ಟರೆ ಉಳಿದವೆಲ್ಲ ಅಷ್ಟು ಹೊತ್ತು ಹಿಂದೆ ಸರಿಯುವವು. ಯಾವುದನ್ನೂ ಗೊತ್ತುಪಡಿಸದ ವೇಳೆಗಾಗಿ ಒಂದು ಸ್ಥಿರ ಪುಟವನ್ನು ಇಡಬೇಕು. ನಾವು ಶಾಲೆಯ ಹೆಸರನ್ನು ಇಟ್ಟಿದ್ದೇವೆ.

ಇಲ್ಲಿ ‘ಯಾವಾಗಲೂ’ ಎಂಬ ಅರ್ಥದ ಆಯ್ಕೆಯೊಂದಿದೆ. ಹೊಸಬರು ಅವಸರಕ್ಕೆ ಅದನ್ನೇ ಒತ್ತುವರು. ನಾವೂ ಒತ್ತಿದೆವು, ದೀಪಾವಳಿಯ ರಜೆಯ ಸೂಚನೆ ಜನವರಿಯ ವರೆಗೆ ಬೆಳಗಿತು. ಮುಗಿಯುವ ದಿನಾಂಕವಿಲ್ಲದ ಸೂಚನೆಯನ್ನು ಪರದೆಗೆ ಏರಿಸಲೇಬಾರದು. ಪುಟಗಳ ಸಂಖ್ಯೆಯನ್ನೂ ಲೆಕ್ಕ ಹಾಕಬೇಕು: ಹತ್ತು ಸೆಕೆಂಡಿನ 6 ಪುಟಗಳಾದರೆ ಒಂದು ಸುತ್ತಿಗೆ ಒಂದು ನಿಮಿಷ, 30 ಪುಟಗಳಾದರೆ ಐದು ನಿಮಿಷ. ಮೆಟ್ಟಿಲಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲುವ ಹುಡುಗನನ್ನು, ಶಿಕ್ಷೆಗೆ ನಿಲ್ಲಿಸಿದ ಹೊರತು, ನಾವು ಈವರೆಗೆ ಕಂಡಿಲ್ಲ.

ಕನ್ನಡಕ್ಕೆ ಬೇರೊಂದು ತೊಡಕು ಉಂಟು. ಯುನಿಕೋಡಿನಲ್ಲಿ 1991ರಿಂದಲೇ ನಮ್ಮ ಲಿಪಿಗೆ ಸ್ಥಾನವಿದೆ. ಆದರೂ ಪ್ಲೇಯರಿನಲ್ಲಿ ಕನ್ನಡದ ಫಾಂಟ್ ಇಲ್ಲದಿದ್ದರೆ ಬರಿಯ ಚೌಕಗಳು ಮೂಡುವವು. ಹಳೆಯ ಮಾದರಿಯ ಫಾಂಟಿನಲ್ಲಿ ಬೆರಳಚ್ಚು ಮಾಡಿದುದನ್ನು ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುವವು. ಫಾಂಟನ್ನು ತಂತ್ರಾಂಶದ ಭಂಡಾರಕ್ಕೆ ಸೇರಿಸಿಡುವದು ಒಂದು ಉಪಾಯ. ಪುಟವನ್ನೇ ಚಿತ್ರವನ್ನಾಗಿ ಮಾಡಿ ಕಳಿಸುವದು ಇನ್ನೊಂದು. ಅಂಗಡಿಯ ಫಲಕಗಳಲ್ಲಿ ಕನ್ನಡ ಕಾಣದ ಊರಲ್ಲಿ ಬೆಳೆಯುವ ಮಕ್ಕಳಿಗೆ ಒತ್ತಕ್ಷರ ಕಳಚಿದ ಕನ್ನಡವನ್ನು ಶಾಲೆಯೇ ತೋರಿಸಬಾರದೆಂಬ ಹಟ ನಮ್ಮದು.

ಆದರೆ ನಮ್ಮನ್ನು ನಿಜವಾಗಿ ತಲೆತಗ್ಗಿಸುವಂತೆ ಮಾಡಿದ ತಪ್ಪು ಬೇರೆ. ಪ್ಲೇಯರ್ ಗೊತ್ತಾದ ಅಂತರಕ್ಕೊಮ್ಮೆ ಕೇಂದ್ರವನ್ನು ಸಂಪರ್ಕಿಸಿ ಹೊಸ ಪುಟಗಳನ್ನು ತಂದು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದ ಇಂಟರ್ನೆಟ್ ನಿಂತರೂ ಪರದೆ ಕಪ್ಪಾಗದು. ಇದು ಗುಣವೂ ಹೌದು, ಮೋಸವೂ ಹೌದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡ, ಗಣಿತಗಳ ದಿನಗಳನ್ನು ಅದಲುಬದಲು ಮಾಡಿ ಹೊಸ ಪುಟವನ್ನು ಕಳಿಸಿದೆವು. ಕೆಳಗಿನ ಪರದೆಯಲ್ಲಿ ಬಂದಿತು, ನೋಡಿ ಸಮಾಧಾನಪಟ್ಟೆವು. ಮೇಲಿನ ಮಾಳಿಗೆಯ ಪ್ಲೇಯರಿಗೆ ಸಂಪರ್ಕ ಕಡಿದುಹೋಗಿತ್ತು. ಅದು ಹಳೆಯ ಪುಟವನ್ನೇ ಬಲು ನಿಷ್ಠೆಯಿಂದ ತೋರಿಸುತ್ತಿತ್ತು. ಏಳನೆಯ ಇಯತ್ತೆಯ ಮಕ್ಕಳು ಕನ್ನಡವನ್ನು ಓದಿಕೊಂಡು ಬಂದು ಗಣಿತದ ಪ್ರಶ್ನಪತ್ರಿಕೆಯ ಮುಂದೆ ಕುಳಿತರು. “ಸರ್, ನಿನ್ನೆ ಸಂಜೆಯೂ ಗೋಡೆಯ ಮೇಲೆ ಕನ್ನಡವೆಂದೇ ಇತ್ತಲ್ಲ!” ಎಂದಳು ಒಬ್ಬಳು. ಉತ್ತರವಿರಲಿಲ್ಲ. ಆ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿದೆವು.

ತಂತ್ರಾಂಶದಲ್ಲಿ ಪ್ರತಿಯೊಂದು ಪರದೆಯೂ ಕೊನೆಯ ಬಾರಿ ಸಂಪರ್ಕಕ್ಕೆ ಬಂದ ವೇಳೆ ದಾಖಲಾಗಿರುತ್ತದೆ. ಪುಟವನ್ನು ಬದಲಿಸಿದವರು ಮೊದಲು ಅದನ್ನು ನೋಡಬೇಕಿತ್ತು. ಗಡಿಯಾರವನ್ನೂ ಪರೀಕ್ಷಿಸಬೇಕು. ಹಳೆಯ ಗಣಕದೊಳಗಿನ ಗುಂಡಿಯಂಥ ಬ್ಯಾಟರಿ ಸತ್ತರೆ, ವಿದ್ಯುತ್ತು ಹೋಗಿ ಬಂದೊಡನೆ ಯಂತ್ರದ ದಿನಾಂಕ ವರ್ಷಗಟ್ಟಲೆ ಹಿಂದೆ ಸರಿಯುವದುಂಟು. ಕಾಲವಲಯ ಗ್ರೀನಿಚ್ಚಿನದಾಗಿ ಉಳಿದಿದ್ದರೆ ಬೆಳಗಿನ 7 ಗಂಟೆಯ ಪ್ರಾರ್ಥನೆಯ ಪುಟ ನಮ್ಮ ಮಧ್ಯಾಹ್ನ 12-30ಕ್ಕೆ ತೋರುವದು.

ಈಗ ಪುಟ ಬದಲಾದ ದಿನ ಸಂಜೆ ಇಬ್ಬರು ವಿದ್ಯಾರ್ಥಿಗಳು ಎಲ್ಲ ಮಾಳಿಗೆಗಳನ್ನೂ ಹತ್ತಿ, ಪ್ರತಿ ಪರದೆಯ ಮುಂದೆ ಒಂದು ಸುತ್ತು ಮುಗಿಯುವ ವರೆಗೆ ನಿಂತು, ಕಂಡದ್ದನ್ನು ವಹಿಯಲ್ಲಿ ಬರೆಯುತ್ತಾರೆ. ಪರೀಕ್ಷೆಯ ವೇಳಾಪತ್ರಿಕೆಯನ್ನು ಮಾತ್ರ ಕಾಗದದ ಮೇಲೂ ಅಚ್ಚು ಮಾಡಿ ವರ್ಗದ ಬಾಗಿಲಿಗೆ ಅಂಟಿಸುತ್ತೇವೆ.