ದಾಖಲೆಗಳ ಸುರಕ್ಷತೆ ಮತ್ತು ರೇಯ್ಡ್ ವ್ಯವಸ್ಥೆ: ಸದಸ್ಯರಿಗೊಂದು ಅಧ್ಯಯನ ಪಾಠ

ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳು ಬಂದ ಮೇಲೆ ಪಂಚಾಯತಿಯ ದಾಖಲೆಗಳು ಕಾಗದದಿಂದ ಸರ್ವರ್‌ಗಳಿಗೆ ಸಾಗಿವೆ. ಸ್ಕ್ಯಾನ್ ಮಾಡಿದ ಹಳೆಯ ಕಡತಗಳಿಗಾಗಿ ಕಚೇರಿಯಲ್ಲಿಯೇ ಸರ್ವರ್ ಖರೀದಿಸುವ ಪ್ರಸ್ತಾವಗಳೂ ಸಭೆಯ ಮುಂದೆ ಬರಬಹುದು. ಆದರೆ ಡಿಸ್ಕ್ ಒಂದು ಯಂತ್ರಭಾಗ. ಎಂದಾದರೊಂದು ದಿನ ಅದು ಕೆಡುವುದು ನಿಶ್ಚಿತ. ಆ ದಿನ ಬಡವನೊಬ್ಬನ ಮನೆಯ ಏಕೈಕ ದಾಖಲೆ ನಾಶವಾಗಬಾರದು. ಇದಕ್ಕಾಗಿ ಇರುವ ಏರ್ಪಾಡುಗಳಲ್ಲಿ ರೇಯ್ಡ್ ಒಂದು.

ಹಲವು ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಜೋಡಿಸುವ ಈ ವಿಧಾನಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಅವರು 1988ರ ಪ್ರಬಂಧದಲ್ಲಿ ಸ್ಪಷ್ಟ ರೂಪ ಕೊಟ್ಟರು. ತಲಾ 4 ಟಿಬಿ ಡಿಸ್ಕ್‌ಗಳನ್ನು ಉದಾಹರಣೆಯಾಗಿ ಪರಿಗಣಿಸೋಣ.

ರೇಯ್ಡ್ 0: ಎರಡು ಡಿಸ್ಕ್‌ಗಳಿಂದ 8 ಟಿಬಿ ದೊರೆಯುತ್ತದೆ. ಒಂದು ಕೆಟ್ಟರೂ ಎಲ್ಲವೂ ನಾಶ. ದಾಖಲೆಗಳಿಗೆ ಇದು ಸಲ್ಲದು.

ರೇಯ್ಡ್ 1: ಎರಡು ಡಿಸ್ಕ್‌ಗಳಲ್ಲಿ ಒಂದೇ ಬರಹ. ದೊರೆಯುವುದು 4 ಟಿಬಿ. ಒಂದು ಕೆಟ್ಟರೂ ಕೆಲಸ ನಿಲ್ಲದು.

ರೇಯ್ಡ್ 5: ಮೂರು ಡಿಸ್ಕ್‌ಗಳಿಂದ 8 ಟಿಬಿ. 7 ಮತ್ತು 5ರ ಜೊತೆಗೆ ಅವುಗಳ ಮೊತ್ತ 12ನ್ನೂ ಬರೆದಿಟ್ಟರೆ, ಯಾವುದೇ ಒಂದು ಅಂಕಿ ಅಳಿಸಿಹೋದರೂ ಉಳಿದೆರಡರಿಂದ ಲೆಕ್ಕ ಹಾಕಬಹುದಷ್ಟೆ? ತತ್ತ್ವ ಅಂತಹದೇ.

ರೇಯ್ಡ್ 6: ನಾಲ್ಕು ಡಿಸ್ಕ್‌ಗಳಿಂದ 8 ಟಿಬಿ, ಎರಡು ಕೆಟ್ಟರೂ ದಾಖಲೆ ಉಳಿಯುತ್ತದೆ.

ಲಿನಕ್ಸ್ ಸರ್ವರ್‌ನಲ್ಲಿ ತಂತ್ರಜ್ಞರು ಇದನ್ನು ಎಂ.ಡಿ.ಎ.ಡಿ.ಎಂ. ಎಂಬ ಆದೇಶದಿಂದ ರಚಿಸುತ್ತಾರೆ. ಮೊದಲು ಎಲ್.ಎಸ್.ಬಿ.ಎಲ್.ಕೆ. ಆದೇಶದಿಂದ ಡಿಸ್ಕ್‌ಗಳ ಹೆಸರು ನೋಡಿ, ಅವು ಖಾಲಿ ಇರುವುದನ್ನು ದೃಢಪಡಿಸಿಕೊಳ್ಳತಕ್ಕದ್ದು. ಹೆಸರು ತಪ್ಪಿದರೆ ಇರುವ ದಾಖಲೆಯೇ ಅಳಿಯಬಹುದು. ನಂತರ ಕ್ರಿಯೇಟ್ ಆಯ್ಕೆಯೊಡನೆ ರೇಯ್ಡ್ ಮಟ್ಟ, ಡಿಸ್ಕ್‌ಗಳ ಸಂಖ್ಯೆ ಮತ್ತು ಹೆಸರುಗಳನ್ನು ನೀಡಬೇಕು. ಅದರ ಮೇಲೆ ಕಡತ ವ್ಯವಸ್ಥೆ ರಚಿಸಿ, ಜೋಡಣೆಯ ವಿವರವನ್ನು ಸಂರಚನಾ ಕಡತದಲ್ಲಿ ದಾಖಲಿಸಬೇಕು.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಒಂದು ಡಿಸ್ಕ್ ಕೆಟ್ಟಾಗ ಕಚೇರಿಯ ಕೆಲಸ ಎಂದಿನಂತೆಯೇ ನಡೆಯುತ್ತದೆ. ಆದುದರಿಂದ ಯಾರಿಗೂ ತಿಳಿಯದೆ ಹೋಗಬಹುದು. ಅಷ್ಟರಲ್ಲಿ ಎರಡನೆಯದೂ ಕೆಟ್ಟರೆ ರೇಯ್ಡ್ 1 ಮತ್ತು 5 ನಿಷ್ಫಲ. ಎಂ.ಡಿ.ಸ್ಟ್ಯಾಟ್ ಎಂಬ ಕಡತವನ್ನು ತೆರೆಸಿ ನೋಡಿರಿ. ಎರಡು ಡಿಸ್ಕ್‌ಗಳ ಜೋಡಣೆಯಲ್ಲಿ ಆವರಣದೊಳಗೆ ಇಂಗ್ಲಿಷಿನ 'ಯು' ಅಕ್ಷರ ಎರಡು ಬಾರಿ ಇದ್ದರೆ ಕ್ಷೇಮ. ಒಂದರ ಬದಲು ಅಡಿಗೆರೆ ಕಂಡರೆ ಒಂದು ಡಿಸ್ಕ್ ಜೋಡಣೆಯಿಂದ ಹೊರಬಿದ್ದಿದೆ ಎಂದರ್ಥ. ಇದಕ್ಕೆ ತಂತ್ರಜ್ಞಾನದ ಪಾಂಡಿತ್ಯ ಬೇಕಿಲ್ಲ. ಕೆಟ್ಟ ಡಿಸ್ಕನ್ನು ಹೊರತೆಗೆಯುವ ಮುನ್ನ ಕ್ರಮಸಂಖ್ಯೆಯನ್ನು ತಾಳೆ ನೋಡಬೇಕು. ಒಳ್ಳೆಯದನ್ನು ಕಿತ್ತರೆ ಅನಾಹುತ.

ರೇಯ್ಡ್ ಪ್ರತಿ ಉಳಿಕೆಗೆ ಪರ್ಯಾಯವಲ್ಲ. ಯಾರಾದರೂ ಕಡತ ಅಳಿಸಿದರೆ ಎಲ್ಲ ಡಿಸ್ಕ್‌ಗಳಿಂದಲೂ ಅದು ಕೂಡಲೇ ಅಳಿಯುತ್ತದೆ. ಬೆಂಕಿ, ಸಿಡಿಲು, ಕಳ್ಳತನಗಳಿಂದಲೂ ಅದು ರಕ್ಷಿಸದು. ಬೇರೊಂದು ಕಟ್ಟಡದಲ್ಲಿ ಪ್ರತ್ಯೇಕ ಪ್ರತಿ ಇರಲೇಬೇಕು.

ಆದಕಾರಣ ಖರೀದಿಗೆ ಅನುಮೋದನೆ ನೀಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಒಳಿತು:

1. ಯಾವ ಮಟ್ಟದ ರೇಯ್ಡ್, ಎಷ್ಟು ಡಿಸ್ಕ್ ಕೆಟ್ಟರೆ ತಡೆಯುತ್ತದೆ?
2. ಬದಲಿ ಡಿಸ್ಕ್ ಕಚೇರಿಯಲ್ಲಿದೆಯೇ?
3. ಸ್ಥಿತಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ?
4. ಪ್ರತ್ಯೇಕ ಪ್ರತಿಯಿಂದ ಕಡತವೊಂದನ್ನು ಮರಳಿ ಪಡೆದು ನೋಡಿದ್ದು ಯಾವಾಗ?