ಪ್ರಾಸ ಹಿಡಿಯಿರಿ, ಪದ ಸಿಗುತ್ತದೆ: ಇಂಗ್ಲಿಷ್ ವೊಕ್ಯಾಬುಲರಿಗೆ 9 ಸೂತ್ರಗಳು

ಬ್ಯಾಂಕ್ ಎಕ್ಸಾಮ್‌ಗೆ ಓದುತ್ತಿದ್ದೀರಾ? ಐಇಎಲ್‌ಟಿಎಸ್ ಬರೆಯಬೇಕಾ? ಮೀಟಿಂಗಿನಲ್ಲಿ ಬಾಯಿ ತೆರೆಯುವ ಮುನ್ನ ಮನಸ್ಸಿನಲ್ಲೇ ವಾಕ್ಯ ಜೋಡಿಸಿ ಜೋಡಿಸಿ ಸುಸ್ತಾಗುತ್ತೀರಾ? ಹಾಗಾದರೆ ನಿಮ್ಮ ಮೇಜಿನ ಮೇಲೆ ‘ದಿನಕ್ಕೆ ಇಪ್ಪತ್ತು ಪದ’ ಅನ್ನುವ ಪಟ್ಟಿಯೊಂದು ಇದ್ದೇ ಇರುತ್ತದೆ. ಸೋಮವಾರ ಉರು ಹೊಡೆದದ್ದು ಗುರುವಾರದ ಹೊತ್ತಿಗೆ ಮಾಯ. ಆಮೇಲೆ ಅದೇ ಹಳೇ ಮಾತು: ‘ಇಂಗ್ಲಿಷ್ ನನ್ನ ತಲೆಗೆ ಹತ್ತಲ್ಲ ಬಿಡಿ.’ ಈ ಮಾತು ಒಂದು ಚಟ. ಇವತ್ತೇ ಬಿಡಿ. ತಪ್ಪು ನಿಮ್ಮ ತಲೆಯದ್ದಲ್ಲ, ಪಟ್ಟಿಯದ್ದು. ಎ ಇಂದ ಝಡ್‌ವರೆಗಿನ ಕ್ರಮ ಪದ ಹುಡುಕಲು ಅನುಕೂಲ, ನೆನಪಿಡಲು ಅಲ್ಲ. ನೆನಪಿಗೆ ಸದ್ದು ಬೇಕು. ಒಂದನೇ ಕ್ಲಾಸಿನ ಮಗ್ಗಿ ಇವತ್ತಿಗೂ ನಿಮ್ಮ ಬಾಯಿಗೆ ಬರುವುದು ಅದರ ರಾಗದ ದೆಸೆಯಿಂದ.

1. ಪದಗಳನ್ನು ಕುಟುಂಬವಾಗಿ ಕಲಿಯಿರಿ

ಒಂಟಿ ಪದ ಬರೆದುಕೊಳ್ಳಬೇಡಿ. ಪ್ರಾಸ ಹೊಂದುವ ಐದಾರು ಪದಗಳನ್ನು ಒಂದೇ ಪುಟದಲ್ಲಿ ಬರೆಯಿರಿ. ಒಂದು ನೆನಪಾದರೆ ಉಳಿದವನ್ನು ಅದೇ ಎಳೆದು ತರುತ್ತದೆ. ಇದು ಹೊಸ ಐಡಿಯಾ ಏನಲ್ಲ. 1775ರಲ್ಲೇ ಜಾನ್ ವಾಕರ್ ಲಂಡನ್ನಿನಲ್ಲಿ ಪದಗಳ ಕೊನೆಯ ಅಕ್ಷರಗಳ ಕ್ರಮದಲ್ಲಿ ಒಂದು ನಿಘಂಟು ಮಾಡಿದ. ಅಮೆರಿಕದ ಡಾ. ಸೂಸ್ 1957ರಲ್ಲಿ ‘ದಿ ಕ್ಯಾಟ್ ಇನ್ ದ ಹ್ಯಾಟ್’ ಬರೆದದ್ದು ಬರೀ 236 ಬೇರೆ ಬೇರೆ ಪದಗಳಲ್ಲಿ. ಪ್ರಕಾಶಕರು ಕೊಟ್ಟ ಪದಪಟ್ಟಿಯಲ್ಲಿ ಪ್ರಾಸ ಹೊಂದಿದ ಮೊದಲ ಎರಡು ಪದಗಳೇ ಪುಸ್ತಕದ ಹೆಸರಾದವು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ 1960ರಲ್ಲಿ ಬಂದ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ನಲ್ಲಿ ಇರುವುದು ಕೇವಲ 50 ಪದ! ಅಷ್ಟರಲ್ಲೇ ಒಂದು ಇಡೀ ಕತೆ ಓಡುತ್ತದೆ. ಪದ ಕಡಿಮೆ ಎಂದು ಕೊರಗುವವರು ಇದನ್ನೊಮ್ಮೆ ತಿರುವಿ ಹಾಕಿ. ಮಕ್ಕಳ ಪುಸ್ತಕ ಎಂದು ನಾಚಬೇಡಿ.

2. ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಆ ಅಭ್ಯಾಸವನ್ನು ಇಂಗ್ಲಿಷ್‌ಗೆ ಹೊತ್ತುಕೊಂಡು ಹೋಗಬೇಡಿ. ಓ-ಯು-ಜಿ-ಎಚ್ ಎಂಬ ನಾಲ್ಕೇ ಅಕ್ಷರ ನೋಡಿ. ‘ದೋ’ದಲ್ಲಿ ಓ, ‘ಥ್ರೂ’ದಲ್ಲಿ ಊ, ‘ಟಫ್’ನಲ್ಲಿ ಅಫ್, ‘ಕಾಫ್’ನಲ್ಲಿ ಆಫ್, ಮರದ ಕೊಂಬೆ ಎಂಬರ್ಥದ ‘ಬೌ’ನಲ್ಲಿ ಔ. ಅಕ್ಷರ ಒಂದೇ, ಪ್ರಾಸ ಒಂದಕ್ಕೂ ಇಲ್ಲ. ಉಲ್ಟಾ ಕೂಡ ನಿಜ. ಎತ್ತರ ಎಂಬರ್ಥದ ‘ಹೈಟ್’, ಗಾಳಿಪಟದ ‘ಕೈಟ್’, ಕಂಪ್ಯೂಟರಿನ ‘ಬೈಟ್’ ಮೂರಕ್ಕೂ ಸ್ಪೆಲಿಂಗ್ ಬೇರೆ ಬೇರೆ, ಆದರೆ ಪ್ರಾಸ ಪಕ್ಕಾ. ‘ಹೈಟ್’ ಪಕ್ಕದಲ್ಲೇ ಅದೇ ಸ್ಪೆಲಿಂಗಿನ ಬಾಲ ಹೊತ್ತ ‘ವೇಟ್’ ಕೂತಿದೆ, ಅದು ಹೊಂದುವುದಿಲ್ಲ.

ಕಾರಣ ತಿಳಿದರೆ ಭಯ ಹೋಗುತ್ತದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಮುದ್ರಣ ಹರಡಿದಂತೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ಆದರೆ ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳು ಒಂದೊಂದಾಗಿ ಜಾಗ ಬದಲಿಸುತ್ತಲೇ ಇದ್ದವು. ನಾಲಿಗೆ ಮುಂದೆ ಹೋಯಿತು, ಕಾಗದ ಹಿಂದೆ ಉಳಿಯಿತು. ‘ನೈಟ್’ನಲ್ಲಿ ಈಗ ಸುಮ್ಮನೆ ಕೂತಿರುವ ಜಿ-ಎಚ್ ಒಂದು ಕಾಲಕ್ಕೆ ಸದ್ದು ಮಾಡುತ್ತಿತ್ತು. ಶೇಕ್ಸ್‌ಪಿಯರ್ ತನ್ನ ಸಾನೆಟ್‌ಗಳಲ್ಲಿ ‘ಲವ್’ಗೆ ‘ಪ್ರೂವ್’ ಜೋಡಿಸಿದ್ದಾನೆ, ಇವತ್ತಿನ ಕಿವಿಗೆ ಅದು ಹೊಂದುವುದಿಲ್ಲ. ಈ ಗೊಂದಲವನ್ನೇ ಹಿಡಿದು ನೆದರ್ಲೆಂಡ್ಸ್‌ನ ಖೆರಾರ್ಡ್ ನೋಲ್ಸ್ಟ್ ಟ್ರೆನಿಟೆ 1920ರಲ್ಲಿ ‘ದಿ ಕೇಯಾಸ್’ ಎಂಬ ಉದ್ದದ ಪದ್ಯ ಬರೆದರು. ಸುಮಾರು 800 ಉಚ್ಚಾರಣೆಯ ತೊಡಕುಗಳು ಅದರಲ್ಲಿವೆ. ಯೂಟ್ಯೂಬಿನಲ್ಲಿ ಅದನ್ನು ಓದುವುದನ್ನು ಕೇಳಿ, ಜತೆಗೆ ಓದಿ. ಎಡವುತ್ತೀರಿ. ಇಂಗ್ಲೆಂಡಿನವರೂ ಎಡವುತ್ತಾರೆ.

3. ಪದದ ಕೊನೆ ಕೇಳುವುದನ್ನು ರೂಢಿಸಿಕೊಳ್ಳಿ

ನಮ್ಮ ಹಳೆಯ ಕಾವ್ಯದ ಕಿವಿ ಸಾಲಿನ ಶುರುವಿನಲ್ಲಿತ್ತು. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕೆಂಬ ಆದಿಪ್ರಾಸದ ಕಟ್ಟಳೆಯನ್ನು ಮಂಜೇಶ್ವರ ಗೋವಿಂದ ಪೈ 1911ರಲ್ಲಿ ಕೈಬಿಟ್ಟರು. ಬಿ.ಎಂ.ಶ್ರೀ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ನವೋದಯದ ಹೊತ್ತಿಗೆ ಕನ್ನಡದ ಕಿವಿ ಅಂತ್ಯಪ್ರಾಸಕ್ಕೆ ಚೆನ್ನಾಗಿ ಒಗ್ಗಿತು. ನೀವೂ ಒಗ್ಗಿಸಿಕೊಳ್ಳಿ. ನಿಯಮ ಸರಳ: ಒತ್ತು ಬೀಳುವ ಕೊನೆಯ ಸ್ವರದಿಂದ ಪದದ ತುದಿಯವರೆಗೆ ಸದ್ದು ಒಂದೇ ಆಗಿರಬೇಕು. ಹಾಗಾಗಿ ಪ್ರಾಸ ಹುಡುಕುವವನಿಗೆ ಒತ್ತು ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಉಚ್ಚಾರಣೆಯ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ‘ರೆಕಾರ್ಡ್’ ತೆಗೆದುಕೊಳ್ಳಿ. ಒತ್ತು ಮುಂದಿದ್ದರೆ ದಾಖಲೆ, ಹಿಂದಿದ್ದರೆ ದಾಖಲಿಸು. ‘ಪ್ರೆಸೆಂಟ್’ ಮುಂದೆ ಒತ್ತಿದರೆ ಉಡುಗೊರೆ, ಹಿಂದೆ ಒತ್ತಿದರೆ ಮಂಡಿಸು.

ಇನ್ನೊಂದು ಕೊನೆಯ ತೊಂದರೆ. ಬಸ್ಸು, ಕಾರು, ರೋಡು ಎಂದು ತುದಿಗೆ ‘ಉ’ ಅಂಟಿಸುವುದು ಕನ್ನಡದ ಜಾಯಮಾನ. ಮನೆಯಲ್ಲಿ ಹಾಗೇ ಹೇಳಿ. ಇಂಟರ್‌ವ್ಯೂನಲ್ಲಿ ಆ ಬಾಲ ಕತ್ತರಿಸಿ.

4. ಒಂದು ಕುಟುಂಬ ಆರಿಸಿ, ಅದರ ಒಳಹೊಕ್ಕು ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಮಾರ್ಕ್ಸ್ ಇರುವುದು ಇಲ್ಲೇ. ಪ್ರಾಸ ಪದವನ್ನು ತಂದುಕೊಡುತ್ತದೆ. ಆ ಪದದ ಹಲವು ಅರ್ಥಗಳನ್ನು ನೀವೇ ಅಗೆದು ತೆಗೆಯಬೇಕು. ‘ಔಂಡ್’ ಕುಟುಂಬ ನೋಡಿ: ಫೌಂಡ್, ಬೌಂಡ್, ಗ್ರೌಂಡ್, ಪೌಂಡ್, ಸೌಂಡ್.

‘ಗ್ರೌಂಡ್’ ಅಂದರೆ ನಮಗೆ ಕ್ರಿಕೆಟ್ ಆಡುವ ಜಾಗ. ಅದೇ ಪದ ‘ಆಧಾರ’ವೂ ಹೌದು: ಅನುಕಂಪದ ನೌಕರಿಯನ್ನು ‘ಕಂಪ್ಯಾಷನೇಟ್ ಗ್ರೌಂಡ್ಸ್’ ಮೇಲೆ ಕೊಡುತ್ತಾರೆ. ವಿಮಾನ ‘ಗ್ರೌಂಡೆಡ್’ ಆದರೆ ಹಾರುವಂತಿಲ್ಲ. ಫಿಲ್ಟರಿನ ತಳದಲ್ಲಿ ಉಳಿಯುವ ಕಾಫಿ ಚರಟವೂ ‘ಗ್ರೌಂಡ್ಸ್’. ಅಡುಗೆಮನೆಯ ಗ್ರೈಂಡರ್ ನೆನಪಿಸಿಕೊಳ್ಳಿ. ‘ಗ್ರೈಂಡ್’ನ ಭೂತಕಾಲವೂ ‘ಗ್ರೌಂಡ್’.

ಇಲ್ಲೊಂದು ಬೋನಸ್ ಸಿಕ್ಕಿತು. ಫೈಂಡ್–ಫೌಂಡ್, ಬೈಂಡ್–ಬೌಂಡ್, ಗ್ರೈಂಡ್–ಗ್ರೌಂಡ್, ಸುತ್ತು ಎಂಬರ್ಥದ ವೈಂಡ್–ವೌಂಡ್. ಒಂದು ಪ್ರಾಸ ಕುಟುಂಬದ ಭೂತಕಾಲ ಇನ್ನೊಂದು ಪ್ರಾಸ ಕುಟುಂಬ. ಗ್ರಾಮರ್ ಪುಸ್ತಕ ತೆರೆಯದೆ ನಾಲ್ಕು ಕ್ರಿಯಾಪದ ಕೈಗೆ ಬಂತು. ಆದರೆ ಜೋಶ್‌ನಲ್ಲಿ ‘ಮೈಂಡ್’ ಅನ್ನು ‘ಮೌಂಡ್’ ಮಾಡಬೇಡಿ, ಅದು ‘ಮೈಂಡೆಡ್’. ರೆಸ್ಯೂಮೆಯಲ್ಲಿ ಇನ್ನೊಂದು ಎಚ್ಚರ: ‘ಫೌಂಡ್’ಗೆ ಸ್ಥಾಪಿಸು ಎಂಬ ಬೇರೆಯೇ ಅರ್ಥವಿದೆ, ಅದರ ಭೂತಕಾಲ ‘ಫೌಂಡೆಡ್’. ಸ್ಟಾರ್ಟಪ್ ಶುರು ಮಾಡಿದವರು ‘ಐ ಫೌಂಡ್ ಎ ಕಂಪನಿ’ ಎಂದು ಬರೆದರೆ ಎಲ್ಲೋ ಬಿದ್ದಿದ್ದ ಕಂಪನಿ ಸಿಕ್ಕಿತು ಎಂದಾಗುತ್ತದೆ.

‘ಪೌಂಡ್’ ಬ್ರಿಟನ್ನಿನ ದುಡ್ಡು, ತೂಕ, ಜೋರಾಗಿ ಕುಟ್ಟುವುದು, ಜೊತೆಗೆ ಬೀಡಾಡಿ ದನ ಕೂಡುವ ದೊಡ್ಡಿ. ‘ಬೌಂಡ್’ ಕಟ್ಟಿಹಾಕಿದ್ದು, ಜಿಗಿತ, ಮತ್ತು ಎಲ್ಲಿಗೋ ಹೊರಟದ್ದು: ‘ಮೈಸೂರು-ಬೌಂಡ್’ ರೈಲು.

‘ಸೌಂಡ್’ ನನ್ನ ಫೇವರಿಟ್. ಸದ್ದು ಎಂಬ ಅರ್ಥ ಲ್ಯಾಟಿನ್ನಿನ ‘ಸೋನುಸ್’ನಿಂದ ಫ್ರೆಂಚ್ ಮೂಲಕ ಬಂತು. ‘ಸೌಂಡ್ ಹೆಲ್ತ್’ನ ಸೌಂಡ್, ಅಂದರೆ ಗಟ್ಟಿಮುಟ್ಟು, ಹಳೆಯ ಇಂಗ್ಲಿಷಿನದೇ. ಜರ್ಮನ್ ಭಾಷೆಯಲ್ಲಿ ಆರೋಗ್ಯವಂತನಿಗೆ ಇವತ್ತಿಗೂ ‘ಗೆಜುಂಟ್’ ಎನ್ನುತ್ತಾರೆ. ಸಮುದ್ರದ ಕಿರಿದಾದ ಜಲಸಂಧಿ ಎಂಬರ್ಥದ ‘ಸೌಂಡ್’ ಸ್ಕ್ಯಾಂಡಿನೇವಿಯಾದ ಹಳೆ ನಾರ್ಸ್ ಮಾತಿನ ಋಣ. ಮೂರು ಊರಿನ ಮೂರು ಪದ, ಕಾಲ ಉರುಳಿ ಒಂದೇ ವೇಷ ಹಾಕಿಕೊಂಡಿವೆ. ಅವುಗಳ ಅರ್ಥಕ್ಕೆ ಸಂಬಂಧ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಮೂರು ಬೇರೆ ಪದ ಎಂದೇ ಬರೆದುಕೊಳ್ಳಿ.

ಕೊನೆಗೆ ಕುಟುಂಬದ ತಂಟೆಕೋರ. ಡಬ್ಲ್ಯು-ಓ-ಯು-ಎನ್-ಡಿ. ಸುತ್ತಿತು ಎಂಬರ್ಥದಲ್ಲಿ ‘ವೌಂಡ್’, ಸೌಂಡ್ ಜತೆ ಹೊಂದುತ್ತದೆ. ಗಾಯ ಎಂಬರ್ಥದಲ್ಲಿ ‘ವೂಂಡ್’, ಹೊಂದುವುದಿಲ್ಲ. ಇಂಥವನ್ನು ಕೆಂಪು ಇಂಕಿನಲ್ಲಿ ಬರೆಯಿರಿ.

5. ಈಗಾಗಲೇ ನಿಮ್ಮ ಬಾಯಲ್ಲಿರುವ ಇಂಗ್ಲಿಷನ್ನು ಲೆಕ್ಕ ಹಾಕಿ

ಫೋನ್ ಚಾರ್ಜ್‌ಗೆ ಹಾಕುತ್ತೀರಿ. ಲಾಠಿ ಚಾರ್ಜ್ ಆಯಿತು ಎಂದು ಓದುತ್ತೀರಿ. ಪೊಲೀಸರು ಚಾರ್ಜ್‌ಶೀಟ್ ಸಲ್ಲಿಸುತ್ತಾರೆ, ಹೋಟೆಲಿನವರು ಸರ್ವೀಸ್ ಚಾರ್ಜ್ ಹಾಕುತ್ತಾರೆ, ಹೊಸ ಡಿಸಿ ಚಾರ್ಜ್ ತಗೊಳ್ಳುತ್ತಾರೆ. ಒಂದೇ ಪದದ ಐದು ಅರ್ಥ ನಿಮಗೆ ಗೊತ್ತಿದೆ, ಯಾರೂ ಪಾಠ ಮಾಡಲಿಲ್ಲ. ‘ಇಂಗ್ಲಿಷ್ ಬರಲ್ಲ’ ಅನ್ನುವವರು ಈ ಲೆಕ್ಕವನ್ನು ಮೊದಲು ಮಾಡಲಿ. ಈಗ ‘ಲಾರ್ಜ್’, ದೋಣಿ ಎಂಬರ್ಥದ ‘ಬಾರ್ಜ್’ ಪಕ್ಕಕ್ಕೆ ಸೇರಿಸಿ. ಗೊತ್ತಿರುವುದರ ಬೆನ್ನಿಗೆ ಗೊತ್ತಿಲ್ಲದ್ದನ್ನು ಕಟ್ಟಿದರೆ ಅದು ಬೇಗ ಕೂರುತ್ತದೆ.

6. ಸದ್ದು ಒಂದೇ ಇದ್ದಾಗ ಸ್ಪೆಲಿಂಗ್ ಕಾಯಿರಿ

ರೇಷನ್ ಅಂಗಡಿಯ ಬೋರ್ಡಿನಲ್ಲಿ ‘ಫೇರ್ ಪ್ರೈಸ್ ಶಾಪ್’ ಎಂದಿರುತ್ತದೆ. ಆ ‘ಫೇರ್’ ನ್ಯಾಯದ್ದು, ಎಫ್-ಎ-ಐ-ಆರ್. ಪುಸ್ತಕ ಮೇಳದ ‘ಬುಕ್ ಫೇರ್’ ಅದೇ ಸ್ಪೆಲಿಂಗ್. ತಿದ್ದಿ ಬರೆದ ‘ಫೇರ್ ಕಾಪಿ’ಯೂ ಅದೇ. ಬಸ್ಸಿನ ಟಿಕೆಟ್ ದರದ ‘ಫೇರ್’ ಮಾತ್ರ ಎಫ್-ಎ-ಆರ್-ಇ. ಕಂಪ್ಯೂಟರಿನ ಸ್ಪೆಲ್‌ಚೆಕ್ ಎರಡನ್ನೂ ಸರಿ ಎಂದು ಬಿಟ್ಟುಬಿಡಬಹುದು, ಮ್ಯಾನೇಜರ್ ಬಿಡುವುದಿಲ್ಲ. ‘ರೈಟ್’ಗೆ ಇನ್ನೂ ದೊಡ್ಡ ಬಳಗ: ಸರಿ, ಬಲಗಡೆ, ಹಕ್ಕು ಮೂರಕ್ಕೂ ಒಂದು ಸ್ಪೆಲಿಂಗ್, ಬರೆಯುವುದಕ್ಕೆ ಇನ್ನೊಂದು, ಧಾರ್ಮಿಕ ವಿಧಿಗೆ ಮತ್ತೊಂದು. ನಾಟಕಕಾರ ಬರೆಯುವವನೇ ಆದರೂ ‘ಪ್ಲೇರೈಟ್’ ಕೊನೆಗೊಳ್ಳುವುದು ಡಬ್ಲ್ಯು-ಆರ್-ಐ-ಜಿ-ಎಚ್-ಟಿ ಎಂದು. ಅಲ್ಲಿರುವುದು ಮಾಡುವವ, ಕಟ್ಟುವವ ಎಂಬರ್ಥದ ಹಳೆಯ ಪದ. ಪರೀಕ್ಷೆಗೆ ಇದು ಬಂದೇ ಬರುತ್ತದೆ ಎಂದುಕೊಂಡೇ ಕಲಿಯಿರಿ.

7. ಪ್ರಾಸದ ಜೋಡಿಗಳಿಂದ ನಾಲಿಗೆ ತಿದ್ದಿ

ಕನ್ನಡಿಗರಿಗೆಂದೇ ಕೆಲವು ಜೋಡಿಗಳಿವೆ. ಕನ್ನಡಿ ಮುಂದೆ ನಿಂತು ಜೋರಾಗಿ ಹೇಳಿ.

‘ವ’ ಕನ್ನಡದಲ್ಲಿ ಒಂದೇ, ಇಂಗ್ಲಿಷಿನಲ್ಲಿ ಎರಡು. ಬನಿಯನ್ನಿಗೆ ಹೇಳುವ ‘ವೆಸ್ಟ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ಪಶ್ಚಿಮದ ‘ವೆಸ್ಟ್’ಗೆ ತುಟಿ ದುಂಡಗಾಗಲಿ, ಹಲ್ಲು ತಾಗದಿರಲಿ. ‘ಪಾಸ್ಟ್’ ಮತ್ತು ‘ಫಾಸ್ಟ್’ ಹೇಳುವಾಗ ಎರಡನೆಯದಕ್ಕೆ ಹಲ್ಲು-ತುಟಿ ನಡುವೆ ಗಾಳಿ ಹೋಗಬೇಕು. ‘ಜೆಸ್ಟ್’ ತಮಾಷೆ, ‘ಝೆಸ್ಟ್’ ಉತ್ಸಾಹ, ಬೆರೆಸಬೇಡಿ. ಮಂಡ್ಯ-ಮೈಸೂರು ಕಡೆಯ ಆಡುಮಾತಿನಲ್ಲಿ ‘ಹ’ ಜಾರುತ್ತದೆ, ಕೇಳಲು ಸೊಗಸು. ಇಂಗ್ಲಿಷಿನಲ್ಲಿ ಜಾರಿದರೆ ‘ಹಾರ್ಟ್’ ಹೋಗಿ ‘ಆರ್ಟ್’ ಆಗುತ್ತದೆ. ಎಲ್ಲಕ್ಕಿಂತ ಮುಖ್ಯ ‘ಇಯರ್’ ಮತ್ತು ‘ಯಿಯರ್’. ಮೊದಲನೆಯದು ಕಿವಿ, ಎರಡನೆಯದು ವರ್ಷ. ಎರಡು ಕಿವಿಗಳ ಎಕ್ಸ್‌ಪೀರಿಯೆನ್ಸ್ ಎಲ್ಲ ಕ್ಯಾಂಡಿಡೇಟ್‌ಗಳಿಗೂ ಇರುತ್ತದೆ.

8. ರೈಮಿಂಗ್ ಸ್ಲ್ಯಾಂಗ್ ಅರ್ಥ ಮಾಡಿಕೊಳ್ಳಿ, ಬಳಸಬೇಡಿ

ಕೆಲಸಕ್ಕೆಂದು ಲಂಡನ್ನಿಗೆ ಹೋಗುವ ಕನ್ನಡಿಗರಿಗೆ ಇದು. ಪೂರ್ವ ಲಂಡನ್ನಿನ ಕಾಕ್ನಿ ಜನ ಪ್ರಾಸದಲ್ಲೇ ಗುಟ್ಟುಮಾತು ಕಟ್ಟಿದರು. ‘ಹೆಡ್’ಗೆ ‘ಲೋಫ್ ಆಫ್ ಬ್ರೆಡ್’ ಪ್ರಾಸ. ಆಮೇಲೆ ಪ್ರಾಸದ ‘ಬ್ರೆಡ್’ ಅನ್ನೇ ಕೈಬಿಟ್ಟರು. ಹಾಗಾಗಿ ‘ಯೂಸ್ ಯುವರ್ ಲೋಫ್’ ಎಂದರೆ ‘ತಲೆ ಓಡಿಸು’. ಯಾರಾದರೂ ಹೇಳಿದರೆ ತಿಂಡಿ ಕೊಡುತ್ತಾರೆ ಎಂದು ಕಾಯಬೇಡಿ.

9. ನಿಘಂಟಿನಲ್ಲಿ ಮೂರು ಅರ್ಥಕ್ಕೆ ನಿಲ್ಲಿಸಿ

1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಹೊಸ ಆವೃತ್ತಿಗಾಗಿ ಸಂಪಾದಕರು ಪರಿಷ್ಕರಿಸಿದಾಗ ‘ರನ್’ 645 ಅರ್ಥಗಳೊಂದಿಗೆ ಅದನ್ನು ಹಿಂದಿಕ್ಕಿತು. ಎಲ್ಲವನ್ನೂ ಕಲಿಯಬೇಕೆಂದು ಹೊರಟವರು ಪುಸ್ತಕ ಮುಚ್ಚುತ್ತಾರೆ. ನೀವು ಮೂರು ಕಲಿಯಿರಿ. ಪ್ರತಿಯೊಂದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಿರಿ, ಗೈಡಿನದ್ದು ಬೇಡ. ಅರ್ಥವನ್ನು ತೀರ್ಮಾನಿಸುವುದು ಪಕ್ಕದ ಪದಗಳು. ಕ್ಲೋಸ್ ಟೆಸ್ಟ್ ಅಳೆಯುವುದೂ ಅದನ್ನೇ. ಎಲ್ಲಕ್ಕೂ ಪ್ರಾಸ ಸಿಗಲೇಬೇಕೆಂಬ ಹಟವೂ ಬೇಡ. ‘ಮಂತ್’ಗೆ ಪ್ರಾಸವಿಲ್ಲ, ‘ಆರೆಂಜ್’ಗೆ ವೇಲ್ಸ್‌ನಲ್ಲಿರುವ ಬ್ಲೋರೆಂಜ್ ಎಂಬ ಬೆಟ್ಟ ಬಿಟ್ಟರೆ ಹೇಳಿಕೊಳ್ಳುವಂಥದ್ದು ಯಾವುದೂ ಇಲ್ಲ. ಅವನ್ನು ಒಂಟಿಯಾಗಿಯೇ ಕಲಿತು ಮುಂದೆ ಹೋಗಿ.

ಇವತ್ತು ರಾತ್ರಿ ‘ಎಟ್’ ಕುಟುಂಬದಿಂದ ಶುರು ಮಾಡಿ: ಸೆಟ್, ಬೆಟ್, ಲೆಟ್, ನೆಟ್. ‘ಲೆಟ್’ ಅಂದರೆ ಬಿಡು. ನಿಮ್ಮ ಬೀದಿಯ ‘ಟು ಲೆಟ್’ ಬೋರ್ಡಿನಲ್ಲಿ ಅದು ಬಾಡಿಗೆಗೆ ಕೊಡು. ‘ನೆಟ್’ ಸೊಳ್ಳೆಪರದೆಯೂ ಹೌದು, ಇಂಟರ್ನೆಟ್ಟೂ ಹೌದು. ಯುಜಿಸಿಯ ‘ನೆಟ್’ ಸಂಕ್ಷೇಪ, ಅದನ್ನು ಈ ಪುಟಕ್ಕೆ ಸೇರಿಸಬೇಡಿ. ಆದರೆ ‘ನೆಟ್ ಸ್ಯಾಲರಿ’ ಸೇರಿಸಿ: ಪಿಎಫ್, ಟ್ಯಾಕ್ಸ್ ಎಲ್ಲ ಕಳೆದು ಕೈಗೆ ಬರುವ ಸಂಬಳ. ಆಫರ್ ಲೆಟರ್ ಬಂದಾಗ ಮೊದಲು ಕೇಳಬೇಕಾದದ್ದು ಅದನ್ನೇ.