ಮನೆಯಂಗಳದ ನಿಂಬೆಯ ಗಿಡ

ಕಾವೇರಿಯ ನಾಲೆಗಳು ಹರಿಯುವ ಕೃಷ್ಣರಾಜನಗರದ ಸೀಮೆಯಲ್ಲಿ ಬತ್ತಕ್ಕೆ ಹಿತವಾದ ನಿಂತ ನೀರು ನಿಂಬೆಗೆ ಮೃತ್ಯುವು. ನಾನು ಮೊದಲು ನೆಟ್ಟ ಗಿಡವು ಬಾಡಿದಾಗ ಬಾಯಾರಿಕೆಯೆಂದು ಬಗೆದು ಮತ್ತಷ್ಟು ನೀರೆರೆದೆನು. ಕಿತ್ತು ನೋಡಲು ಬೇರುಗಳು ಕೊಳೆತಿದ್ದುವು.

ಆದುದರಿಂದ ತಗ್ಗು ನೆಲದವರು ಮಣ್ಣನ್ನು ದಿಬ್ಬವಾಗಿ ಏರಿಸಿ, ಬಿಸಿಲು ಬೀಳುವೆಡೆಯಲ್ಲಿ ನೆಡತಕ್ಕದ್ದು. ಕುಂಡವು 18 ಅಂಗುಲ ಅಗಲವಿರಲಿ. ತಳದ ರಂಧ್ರವು ಕಟ್ಟಿಕೊಳ್ಳದಂತೆ ಹೆಂಚಿನ ಚೂರೊಂದನ್ನಿಟ್ಟು, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವುಗಳನ್ನು ಬೆರೆಸಿ ತುಂಬಬೇಕು.

ನಿಂಬೆಯ ಒಂದೇ ಬೀಜದಿಂದ 2–3 ಮೊಳಕೆಗಳು ಹೊರಡುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಗುಣವನ್ನೇ ಪಡೆಯುವುದರಿಂದ ಬೀಜದ ಸಸಿಯನ್ನು ತಿರಸ್ಕರಿಸಬೇಕಾಗಿಲ್ಲ. ಫಲಕ್ಕೆ ಮಾತ್ರ 4–5 ವರ್ಷಗಳ ತಾಳ್ಮೆ ಬೇಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳುವು. ಕೈಯಿಂದಲೇ ಆರಿಸಿ ತೆಗೆಯಿರಿ.

ನೀರೆರೆಯುವ ಮುನ್ನ ಬೆರಳಿನ ಒಂದು ಗೆಣ್ಣನ್ನು ಮಣ್ಣಿನಲ್ಲಿಟ್ಟು ತೇವವನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿರಿ.